ಹತ್ತರಲ್ಲೊಂದು ಪಾಲಿನ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪ್ರಶ್ನೆಗೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ದಶಮಾಂಶವನ್ನು, ಅಂದರೆ ಗಳಿಕೆಯಲ್ಲಿ ದೇವರ ಹೆಸರಿಗೆಂದು ಕೊಡುವ ಹತ್ತನೆಯ ಒಂದು ಪಾಲನ್ನು, ಯಾವ ಮೊತ್ತದ ಮೇಲೆ ತೆಗೆಯಬೇಕು, ತೆರಿಗೆ ಹಿಡಿಯುವ ಮುಂಚಿನದರ ಮೇಲೋ ಹಿಡಿದ ಮೇಲಿನದರ ಮೇಲೋ, ಮನೆಸಾಲದ ಕಂತು ಕಳೆಯಬಹುದೋ, ಈ ದೇಶದ ಯಹೂದಿಗಳು ಏನು ಮಾಡುತ್ತಾರೆ ಎಂದೆಲ್ಲ ಕೇಳಿದ್ದೀಯ. ಚರ್ಚಿನಲ್ಲಿ ದಶಮಾಂಶದ ಪ್ರಸಂಗ ಕೇಳಿಯೇ ನಾವಿಬ್ಬರೂ ಬೆಳೆದವರು. ಆದರೆ ಸಂಬಳದ ಚೀಟಿ ಮುಂದಿಟ್ಟುಕೊಂಡು ಅದನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದವರನ್ನು ನಾನು ಕಂಡದ್ದು ಇಸ್ರೇಲಿಗೆ ಬಂದ ಮೇಲೆ, ಆರೈಕೆಗೆಂದು ಸೇರಿಕೊಂಡ ಈ ಅಜ್ಜನ ಮನೆಯಲ್ಲಿ.

ಇದಕ್ಕೆ ಇಲ್ಲಿನ ಯಹೂದಿಗಳು ಮಾಸೆರ್ ಕೆಸಾಫಿಮ್ ಎನ್ನುತ್ತಾರೆ, ಅಂದರೆ ಹಣದ ದಶಮಾಂಶ. ಬೆಳೆಯ ದಶಮಾಂಶ ಬೇರೆಯೇ. ಅದಕ್ಕೆ ಏಳು ವರ್ಷದ ಸುತ್ತು ಇತ್ತು: ದೇವಾಲಯದ ಸೇವೆಗೆ ನಿಂತ ಲೇವಿ ಕುಲದವರ ಪಾಲು ಕೊಟ್ಟ ಮೇಲೆ, 1, 2, 4, 5ನೆಯ ವರ್ಷಗಳಲ್ಲಿ ಇನ್ನೊಂದು ಪಾಲನ್ನು ಯೆರೂಸಲೇಮಿಗೆ ಒಯ್ದು ಅಲ್ಲೇ ಉಣ್ಣಬೇಕು, 3 ಮತ್ತು 6ನೆಯ ವರ್ಷಗಳಲ್ಲಿ ಆ ಪಾಲು ಬಡವರಿಗೆ, 7ನೆಯ ವರ್ಷ ಹೊಲಕ್ಕೇ ಬಿಡುವು. ಹಣದ ದಶಮಾಂಶಕ್ಕೆ ಇವರು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಕಡೆ ಬೆರಳು ತೋರಿಸುತ್ತಾರೆ. ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬು ಮಾಡಿ ಮಲಗಿ ಎದ್ದ ಯಾಕೋಬ, ನೀನು ಕೊಟ್ಟದ್ದರಲ್ಲೆಲ್ಲ ಹತ್ತನೆಯ ಒಂದು ಪಾಲು ನಿನಗೆ ಎಂದು ಹರಕೆ ಹೊತ್ತನಲ್ಲ, ಅದು. ಇದು ದೇವರೇ ವಿಧಿಸಿದ್ದೋ, ರಬ್ಬಿಗಳು ಎಂಬ ಇವರ ಧರ್ಮಗುರುಗಳು ವಿಧಿಸಿದ್ದೋ, ತಲೆಮಾರುಗಳಿಂದ ಬಂದ ಒಳ್ಳೆಯ ವಾಡಿಕೆಯೋ ಎಂಬುದರಲ್ಲಿ ಇವರ ಪಂಡಿತರಿಗೇ ಒಮ್ಮತವಿಲ್ಲ. ಒಮ್ಮತ ಇಲ್ಲದಿರುವುದರಿಂದಲೇ ಲೆಕ್ಕದಲ್ಲಿ ಅಲ್ಲಲ್ಲಿ ಒಬ್ಬೊಬ್ಬ ರಬ್ಬಿ ಒಂದೊಂದು ರೀತಿ ಹೇಳುವುದು ನಡೆಯುತ್ತದೆ.

ಪ್ರಮಾಣದ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. 1565ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಇವರ ಧರ್ಮಸಂಹಿತೆ ಶುಲ್ಹಾನ್ ಅರುಖ್‌ನಲ್ಲಿ ಯೋಸೆಫ್ ಕಾರೋ ಹೇಳುವಂತೆ ಐದರಲ್ಲೊಂದು ಪಾಲು ಉತ್ತಮ, ಹತ್ತರಲ್ಲೊಂದು ಮಧ್ಯಮ, ಅದಕ್ಕಿಂತ ಕಡಿಮೆಯಾದರೆ ಜಿಪುಣತನ. ಶುರುಮಾಡುವ ವರ್ಷ ಕೈಯಲ್ಲಿರುವ ಬಂಡವಾಳದಿಂದ, ಆಮೇಲೆ ವರ್ಷವರ್ಷದ ಗಳಿಕೆಯಿಂದ. ಮೇಲೊಂದು ಮಿತಿಯೂ ಇದೆ. ಗಲಿಲಾಯದ ಉಷಾ ಎಂಬ ಊರಿನಲ್ಲಿ ಸೇರಿದ್ದ ರಬ್ಬಿಗಳು, ಧಾರಾಳವಾಗಿ ಕೊಡುವವನೂ ಐದರಲ್ಲೊಂದಕ್ಕಿಂತ ಹೆಚ್ಚು ಕೊಡಬಾರದು, ಕೊಟ್ಟು ಕೊಟ್ಟು ನಾಳೆ ತಾನೇ ಇನ್ನೊಬ್ಬರ ಮುಂದೆ ಕೈಯೊಡ್ಡುವ ಹಾಗಾದೀತು ಎಂದು ಕಟ್ಟು ಮಾಡಿದರಂತೆ. ಈ ಮಿತಿ ನನಗೆ ತುಂಬಾ ಹಿಡಿಸಿತು. ಕೊಡುವವನ ಮನೆಯ ಒಲೆಯೂ ಉರಿಯುತ್ತಿರಬೇಕು ಎಂದು ಧರ್ಮವೇ ಚಿಂತಿಸಿದ್ದನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಇಬ್ಬರ ಸಂಬಳವೂ ಒಂದೇ ಮನೆಯ ಗಳಿಕೆ, ಒಂದೇ ಪುಸ್ತಕ. ಆದಾಯ ತೆರಿಗೆಯನ್ನು ಮೊದಲು ಕಳೆಯಬೇಕು. ಅಮೆರಿಕದ ದೊಡ್ಡ ಧರ್ಮಜ್ಞ ಮೋಶೆ ಫೈನ್‌ಸ್ಟೈನ್ ಕೊಟ್ಟ ತೀರ್ಪು ಇದು: ತೆರಿಗೆಯಾಗಿ ಹೋದ ದುಡ್ಡನ್ನು ನೀನು ಗಳಿಸಲೇ ಇಲ್ಲ ಎಂದು ತಿಳಿ. ಅಂಗಡಿಯಲ್ಲಿ ಸಾಮಾನಿನ ಜೊತೆ ಕೊಡುವ ತೆರಿಗೆ ಹಾಗಲ್ಲ, ಅದು ಮನೆಖರ್ಚು, ಕಳೆಯುವಂತಿಲ್ಲ. ದುಡಿಮೆಗೆಂದೇ ಆಗುವ ಖರ್ಚು, ಅಂದರೆ ಕೆಲಸಕ್ಕೆ ಹೋಗಿ ಬರುವ ಬಸ್ಸು, ವ್ಯಾಪಾರವಾದರೆ ಅಂಗಡಿ ಬಾಡಿಗೆ, ಇವು ಕಳೆಯುತ್ತವೆ. ತಾಯಿ ಕೆಲಸಕ್ಕೆ ಹೋಗಲೆಂದು ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರೆ ಆ ಶುಲ್ಕವನ್ನೂ ದುಡಿಮೆಯ ಖರ್ಚೆಂದು ಕಳೆಯಲು ಅನೇಕ ರಬ್ಬಿಗಳು ಒಪ್ಪುತ್ತಾರೆ. ಊಟ, ಬಟ್ಟೆ, ಕರೆಂಟು, ಮನೆಬಾಡಿಗೆ ಕಳೆಯುವುದಿಲ್ಲ. ನಿನ್ನ ಮನೆಸಾಲದ ಕಂತೂ ಇದೇ ಸಾಲಿಗೆ ಸೇರುತ್ತದೆ, ಮಾರಾಯ. ಅದು ನೀನು ವಾಸಿಸುವ ಖರ್ಚು, ಗಳಿಸುವ ಖರ್ಚಲ್ಲ.

ಒಂದು ಉದಾಹರಣೆ ಹಾಕುತ್ತೇನೆ. ತೆರಿಗೆ, ವಿಮೆ ಎಲ್ಲ ಹಿಡಿದು ಇಬ್ಬರಿಗೂ ಸೇರಿ ಕೈಗೆ ಇಲ್ಲಿನ ಹಣದಲ್ಲಿ 19,000 ಶೆಕೆಲ್ ಬಂತು ಎಂದಿಟ್ಟುಕೋ. ಕೆಲಸಕ್ಕೆ ಓಡಾಟ 400, ಶಿಶುವಿಹಾರ 2,600. ಉಳಿದದ್ದು 16,000. ದಶಮಾಂಶ 1,600. ಶಿಶುವಿಹಾರ ಕಳೆಯಬಾರದು ಎನ್ನುವ ರಬ್ಬಿಯನ್ನು ನಂಬುವ ಮನೆಯಾದರೆ 1,860. ಈ 260 ಶೆಕೆಲ್ ವ್ಯತ್ಯಾಸಕ್ಕೆ ಜನ ಜಗಳ ಆಡುವುದಿಲ್ಲ, ತಮ್ಮ ರಬ್ಬಿಯನ್ನು ಕೇಳಿ ಒಂದು ದಾರಿ ಹಿಡಿದು ಅದರಲ್ಲೇ ನಡೆಯುತ್ತಾರೆ.

ಸಂಬಳವಲ್ಲದ್ದೂ ಇದೆಯಲ್ಲ. ಯಾರಾದರೂ ಕೊಟ್ಟ ಹಣದ ಉಡುಗೊರೆ, ಪಿತ್ರಾರ್ಜಿತ, ಬ್ಯಾಂಕಿನ ಬಡ್ಡಿ ಎಲ್ಲ ಲೆಕ್ಕಕ್ಕೆ. ಷೇರಿನ ಬೆಲೆ ಏರಿದ ಮಾತ್ರಕ್ಕೆ ಕೊಡಬೇಕಿಲ್ಲ, ಮಾರಿ ಲಾಭ ಕೈಗೆ ಬಂದಾಗ ಕೊಡಬೇಕು. ವರ್ಷದೊಳಗೆ ಒಂದು ವ್ಯವಹಾರದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟವಾದರೆ ಎರಡನ್ನೂ ಕೂಡಿಸಿ ಕಳೆದು ಉಳಿದದ್ದರ ಮೇಲೆ. ಇಲ್ಲಿನ ಸರ್ಕಾರ ಮಾನ್ಯ ಸಂಸ್ಥೆಗಳಿಗೆ ಕೊಟ್ಟ ದಾನದ ಮೇಲೆ 35 ಶೇಕಡಾ ತೆರಿಗೆ ರಿಯಾಯಿತಿ ಕೊಡುತ್ತದೆ. ಹಾಗೆ ಮರಳಿ ಬಂದ ದುಡ್ಡನ್ನೂ ನಮ್ಮ ಅಜ್ಜ ತನ್ನದೆಂದು ಇಟ್ಟುಕೊಳ್ಳುವುದಿಲ್ಲ, ದಶಮಾಂಶದ ಕಡೆಗೇ ಜಮೆ ಮಾಡುತ್ತಾರೆ.

ಅಜ್ಜನ ಪುಸ್ತಕವನ್ನು ನೀನು ನೋಡಬೇಕಿತ್ತು. ಮಕ್ಕಳು ಗಣಿತಕ್ಕೆ ಬಳಸುವ ಚೌಕಳಿ ಹಾಳೆಯ ಪುಸ್ತಕ, ಹೀಬ್ರೂ ಆದ್ದರಿಂದ ಬಲಗಡೆಯಿಂದ ತೆರೆಯುತ್ತದೆ. ಒಂದು ಕಡೆ ಬಂದದ್ದು, ಇನ್ನೊಂದು ಕಡೆ ಕೊಟ್ಟದ್ದು, ಕೆಳಗೆ ಬಾಕಿ. ಪಿಂಚಣಿ ಬಂದ ದಿನ ಕನ್ನಡಕ ಕೇಳುತ್ತಾರೆ, ಪೆನ್ಸಿಲ್ ಕೇಳುತ್ತಾರೆ. ಬೆರಳು ನಡುಗುವುದರಿಂದ ಈಗ ಅಂಕಿ ಬರೆಯುವವನು ನಾನು, ಕೂಡುವವರು ಅವರೇ, ಅದೂ ಬಾಯಲ್ಲಿ. ಒಂದು ತಿಂಗಳು ಹೆಚ್ಚು ಕೊಟ್ಟಿದ್ದರೆ ಅದನ್ನು ಮುಂಗಡವೆಂದು ಬರೆದು ಮುಂದಿನ ತಿಂಗಳು ಹೊಂದಿಸುತ್ತಾರೆ. ಹೊಸವರ್ಷ ರೋಶ್ ಹಶಾನಾಕ್ಕೆ ಮುಂಚಿನ ಎಲುಲ್ ತಿಂಗಳಲ್ಲಿ ವರ್ಷದ ಲೆಕ್ಕ ಮುಚ್ಚುವುದು. ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ ಅಜ್ಜಿ ಅಡುಗೆಮನೆಯ ತಗಡಿನ ಡಬ್ಬಕ್ಕೆ ಚಿಲ್ಲರೆ ಹಾಕುತ್ತಾರೆ. ಆ ಚಿಲ್ಲರೆ ಮಾತ್ರ ಪುಸ್ತಕಕ್ಕೆ ಬರುವುದಿಲ್ಲ, ಅದು ಲೆಕ್ಕದಾಚೆಗಿನದು ಎಂದು ಅಜ್ಜಿಯ ಹಟ.

ಯಾರಿಗೆ ಕೊಡುವುದು ಎಂಬುದಕ್ಕೂ ಕ್ರಮವಿದೆ. ಮೊದಲು ಕಷ್ಟದಲ್ಲಿರುವ ಸ್ವಂತ ಬಂಧುಗಳು, ಆಮೇಲೆ ತನ್ನ ಊರಿನ ಬಡವರು, ಆಮೇಲೆ ಪರಊರಿನವರು. ಇಲ್ಲಿ ನಿನಗೆ ನೇರವಾಗಿ ತಾಗುವ ಒಂದು ಮಾತಿದೆ. ಊರಲ್ಲಿರುವ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡನ್ನು ದಶಮಾಂಶದಲ್ಲಿ ಸೇರಿಸಬಹುದೇ ಎಂದು ಕೇಳಿದ್ದೀಯಲ್ಲ. ಕೈಯಲ್ಲಿ ಬೇರೆ ದುಡ್ಡಿದ್ದೂ ಹೆತ್ತವರನ್ನು ಬಡವರ ಪಾಲಿನಿಂದ ಸಾಕುವವನಿಗೆ ಶಾಪ ತಟ್ಟಲಿ ಎಂದು ಇವರ ಹಳೆಯ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ನಿಜಕ್ಕೂ ಕೈ ಸಾಗದವನಾದರೆ ಹೆತ್ತವರೇ ಮೊದಲ ಹಕ್ಕುದಾರರು, ಆಗ ತಪ್ಪಿಲ್ಲ. ನಿನಗೆ ಕೈ ಸಾಗುತ್ತದೆ. ಆದ್ದರಿಂದ ಅಮ್ಮನದು ಅಮ್ಮನಿಗೆ, ದಶಮಾಂಶ ಬೇರೆ. ಮಕ್ಕಳ ಶಾಲಾ ಶುಲ್ಕದ ವಿಷಯದಲ್ಲಿ ಚರ್ಚೆ ಇನ್ನೂ ನಡೆದೇ ಇದೆ. ಓದಿಸುವುದು ತಂದೆಯ ಕರ್ತವ್ಯ, ಸಾಲ ತೀರಿಸಿದ ಹಾಗೆ, ದಾನವಾಗದು ಎನ್ನುವುದು ಬಿಗಿಯಾದ ಪಕ್ಷ. ಬಹಳ ಮಕ್ಕಳಿದ್ದು ಕಷ್ಟಪಡುವ ಮನೆಗೆ ಸಡಿಲು ಮಾಡುವವರೂ ಇದ್ದಾರೆ.

ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಸಿಕ್ಕಿದರೆ ಅದನ್ನು ಕಳೆಯಬೇಕು. ಸಹಾಯಾರ್ಥ ಭೋಜನಕ್ಕೆ 200 ಶೆಕೆಲ್ ಕೊಟ್ಟು 80ರ ಊಟ ಉಂಡು ಬಂದರೆ ಬರೆಯುವುದು 120. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯಹೂದಿ ಪಂಡಿತ ಮೈಮೋನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಮೇಲಿನದು ಬಿದ್ದವನಿಗೆ ಕೆಲಸವೋ ಕೈಸಾಲವೋ ಪಾಲುದಾರಿಕೆಯೋ ಕೊಟ್ಟು ಅವನು ಮತ್ತೆ ಕೇಳುವ ಪ್ರಸಂಗವೇ ಬಾರದಂತೆ ಮಾಡುವುದು. ಅದಕ್ಕೇ ಇಲ್ಲಿ ಬೀದಿಬೀದಿಗೂ ಬಡ್ಡಿಯಿಲ್ಲದೆ ಸಾಲ ಕೊಡುವ ಗೆಮಾಖ್‌ಗಳಿವೆ. ಮದುವೆ ಬಟ್ಟೆ, ಮಗುವಿನ ತೊಟ್ಟಿಲು, ಊರುಗೋಲು ಕೂಡ ಎರವಲು ಸಿಗುತ್ತದೆ.

ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ ದಾನದ ಮನಸ್ಸು ಒಣಗುವುದಿಲ್ಲವೇ ಎಂದು ನೀನು ಕೊನೆಗೆ ಬರೆದಿದ್ದೀಯ. ನಾನು ಕಣ್ಣಾರೆ ಕಂಡದ್ದು ಅದಕ್ಕೆ ತಿರುಗುಮುರುಗು. ಸಂಜೆ ಹೊತ್ತು ಯಾರೋ ಬಾಗಿಲು ತಟ್ಟುತ್ತಾರೆ, ಮಗಳ ಮದುವೆ ಎಂದೋ ಆಪರೇಷನ್ ಎಂದೋ ಒಂದು ಪತ್ರ ತೋರಿಸುತ್ತಾರೆ. ಅಜ್ಜ ಆ ಕ್ಷಣದಲ್ಲಿ, ಕೊಡಲೋ ಬೇಡವೋ, ಈ ತಿಂಗಳು ಔಷಧಿಗೆ ಸಾಲುತ್ತದೋ ಇಲ್ಲವೋ ಎಂದು ತೂಗುವುದಿಲ್ಲ. ಆ ತೂಗಾಟ ಪಿಂಚಣಿಯ ದಿನವೇ ಮುಗಿದಿರುತ್ತದೆ. ದಶಮಾಂಶವೆಂದು ಪೆಟ್ಟಿಗೆಯಲ್ಲಿ ತೆಗೆದಿಟ್ಟದ್ದು ತನ್ನದಲ್ಲ, ತಾನು ಅದಕ್ಕೆ ಖಜಾಂಚಿ ಅಷ್ಟೇ. ಆದ್ದರಿಂದ ಬಂದವನನ್ನು ಕೂರಿಸಿ, ನೀರು ಕೊಡಿಸಿ, ಯಾವ ಊರು ಎಂದು ವಿಚಾರಿಸುವಷ್ಟು ಮನಸ್ಸು ಅವರಿಗೆ ಉಳಿದಿರುತ್ತದೆ. ನಮ್ಮಲ್ಲಿ ಕೇಳಿದವನ ಮುಖ ನೋಡಿ, ಜೇಬು ಮುಟ್ಟಿ, ಆ ಹೊತ್ತಿನ ಮನಸ್ಸಿನಂತೆ ಕೊಡುತ್ತೇವೆ. ಕೊಟ್ಟ ಮೇಲೂ ಒಂದು ಕಿರಿಕಿರಿ ಉಳಿಯುತ್ತದೆ. ನೀನು ಲೆಕ್ಕದ ಮನುಷ್ಯ, ಈ ಪದ್ಧತಿ ನಿನಗೆ ಒಗ್ಗುತ್ತದೆ ಎಂದು ನನಗೆ ಗಟ್ಟಿ ನಂಬಿಕೆ.

ಶುರುಮಾಡುವಾಗ ಒಂದು ಎಚ್ಚರ. ಇಲ್ಲಿ ಮೊದಲ ದಿನವೇ ಬ್ಲೀ ನೆದೆರ್ ಎಂದು ಬಾಯಿಬಿಟ್ಟು ಹೇಳಿಬಿಡುತ್ತಾರೆ, ಇದು ಹರಕೆಯಲ್ಲ ಎಂದು. ಹೇಳದೆ ರೂಢಿಮಾಡಿಕೊಂಡರೆ ಅದು ಹರಕೆಯಂತೆ ಕಟ್ಟಿಹಾಕುತ್ತದೆ, ಕೆಲಸ ಹೋದ ತಿಂಗಳಲ್ಲಿ ಪಾಪಪ್ರಜ್ಞೆ ಕಾಡುತ್ತದೆ. ಹೊಟ್ಟೆಪಾಡು ಮೊದಲು ಎಂದು ಇವರ ಶಾಸ್ತ್ರವೇ ಹೇಳುತ್ತದೆ. ನಿನ್ನ ಹೆಂಡತಿಯನ್ನೂ ಕೂರಿಸಿಕೊಂಡು ಇಬ್ಬರೂ ಒಪ್ಪಿ ಮಾಡಿ. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಸಂಬಳದ ದಿನವೇ ವರ್ಗಾಯಿಸುವ ವ್ಯವಸ್ಥೆ ಮಾಡಿದರೆ ಸುಲಭ, ಇಲ್ಲಿನ ಎಳೆಯ ದಂಪತಿಗಳು ಹಾಗೇ ಮಾಡುತ್ತಾರೆ. ಮೊದಲ ತಿಂಗಳ ಲೆಕ್ಕ ಕಳಿಸು. ಭತ್ಯೆಗಳಲ್ಲಿ ಯಾವುದು ಸೇರುತ್ತದೆ, ಯಾವುದು ಕಳೆಯುತ್ತದೆ ಎಂದು ಅನುಮಾನ ಬಂದರೆ ಅಜ್ಜನ ಹತ್ತಿರ ಕೇಳಿ ಬರೆಯುತ್ತೇನೆ, ಅವರಿಗೆ ಇಂಥ ಪ್ರಶ್ನೆ ಎಂದರೆ ಇಡೀ ದಿನದ ಉತ್ಸಾಹ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ,
ಪೆತಾಹ್ ತಿಕ್ವಾದಿಂದ