ಹೊಣೆ ಹೊತ್ತವರಿಗೆ

ಎಡ ಮೊಣಕಾಲಿನ ಕೀಲು ಬದಲಾಯಿಸಿಕೊಂಡು ಇಂದಿಗೆ ಮೂರು ತಿಂಗಳು ತುಂಬಿತು. ಕಳೆದ ಸೋಮವಾರ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ನೋವಿನ ಏಳು ವರ್ಷಗಳ ಕಥೆಯನ್ನು ನೀವೆಲ್ಲ ಬಲ್ಲಿರಿ. ಅದನ್ನು ಮತ್ತೆ ಹೇಳುವುದಿಲ್ಲ. ಋಣವನ್ನಷ್ಟೇ ಹೇಳಿಕೊಳ್ಳುತ್ತೇನೆ.

ಶಸ್ತ್ರಚಿಕಿತ್ಸೆಯ ಯೋಜನೆಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಲಾಗುವುದು ಎಂದು ಬೆಂಗಳೂರಿನ ವೈದ್ಯರು ತಿಳಿಸಿದಾಗ ನನಗೆ ಹೆದರಿಕೆಯಾಯಿತು. ಸಿ.ಟಿ. ಸ್ಕ್ಯಾನಿನ ಚಿತ್ರಗಳಲ್ಲಿ ಒಂದೊಂದು ಮೂಳೆಯ ಅಂಚನ್ನೂ ಗುರುತಿಸಿ, ಗಣಕಯಂತ್ರವು ನನ್ನ ಕಾಲಿನ ಮೂರು ಆಯಾಮದ ಪ್ರತಿರೂಪವನ್ನು ಕಟ್ಟಿತ್ತು. ವೈದ್ಯರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಸೊಂಟದ ಕೀಲಿನ ನಡುವಿನಿಂದ ಕಣಕಾಲಿನ ನಡುವಿಗೆ ಎಳೆದ ಗೆರೆಯೊಂದನ್ನು ತೋರಿಸಿದರು. ನೆಟ್ಟಗಿರುವ ಕಾಲಿನಲ್ಲಿ ಆ ಗೆರೆ ಮೊಣಕಾಲಿನ ನಡುವೆ ಹಾದುಹೋಗುತ್ತದೆ. ನನ್ನ ಕಾಲು ಬಿಲ್ಲಿನಂತೆ ಬಾಗಿದ್ದರಿಂದ ಅದು ಒಳಬದಿಗೆ ಸರಿದುಹೋಗಿತ್ತು. ಎಲ್ಲಿ, ಯಾವ ಕೋನದಲ್ಲಿ, ಎಷ್ಟು ಮಿಲಿಮೀಟರ್ ಮೂಳೆ ತೆಗೆಯಬೇಕು, ಯಾವ ಅಳತೆಯ ಕೀಲು ಹೊಂದುತ್ತದೆ ಎಂಬ ಲೆಕ್ಕವೆಲ್ಲ ಪಕ್ಕದಲ್ಲಿತ್ತು. ನಮ್ಮಂಥ ಚಿಕ್ಕ ಮೂಳೆಯ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಕೀಲು ಮೂಳೆಯಂಚಿನಿಂದ ಹೊರಚಾಚಿದರೆ ಸುತ್ತಲಿನ ಮಾಂಸಕ್ಕೆ ಒತ್ತಿ ನೋವು ಉಳಿದುಬಿಡಬಹುದು.

ಆಗ ನನ್ನ ಪಕ್ಕದಲ್ಲಿ ಕುಳಿತಿದ್ದ ಓರಗಿತ್ತಿ, ನನಗೆ ಕೇಳಲು ಧೈರ್ಯವಾಗದ ಮಾತನ್ನು ಕೇಳಿದಳು: “ಡಾಕ್ಟ್ರೇ, ಈ ಲೆಕ್ಕ ತಪ್ಪಿದರೆ ಯಾರು ಹೊಣೆ?”

“ನಾನೇ ಹೊಣೆ, ಅಮ್ಮ. ನಾನು ನೋಡಿ ಒಪ್ಪಿದ ಮೇಲೆಯೇ ಇದು ಥಿಯೇಟರಿಗೆ ಹೋಗುತ್ತದೆ. ಮೂಳೆಯ ಅಳತೆ ಇದರಲ್ಲಿದೆ. ಕೀಲಿನ ಸುತ್ತ ಮೂಳೆಗಳನ್ನು ಹಿಡಿದಿಡುವ ನಾರಿನ ಕಟ್ಟುಗಳ ಬಿಗಿಯನ್ನು ಅಲ್ಲಿ ನಾನೇ ಪರೀಕ್ಷಿಸಬೇಕು.”

ಆ ಒಂದು ಉತ್ತರಕ್ಕಾಗಿ ವೈದ್ಯರಿಗೆ ನಾನು ಎಂದೆಂದಿಗೂ ಕೃತಜ್ಞಳು. ಹೊಸ ಕೀಲಿನ ಎರಡು ಭಾಗಗಳ ನಡುವೆ ಕೂರಿಸುವ, ಯೋಜನೆಯಲ್ಲಿ 9 ಮಿ.ಮೀ. ಎಂದಿದ್ದ ಪ್ಲಾಸ್ಟಿಕ್ ಪದರದ ಬದಲು, ಕಾಲನ್ನು ಮಡಿಸಿ, ಚಾಚಿ ನೋಡಿ 11 ಮಿ.ಮೀ.ನದನ್ನು ಹಾಕಿದೆನೆಂದು ಮರುದಿನ ಅವರೇ ಬಂದು ತಿಳಿಸಿದರು.

ಹೆಸರು ಬರೆಯಕೂಡದೆಂದು ಓರಗಿತ್ತಿ ಆಣೆ ಹಾಕಿದ್ದಾಳೆ, ಆದ್ದರಿಂದ ಬರೆಯುವುದಿಲ್ಲ. ಎರಡನೆಯ ರಾತ್ರಿ ಮರಗಟ್ಟಿಸಿದ ಮದ್ದಿನ ಪ್ರಭಾವ ಇಳಿದಾಗ, ನನ್ನನ್ನು ಇಲ್ಲಿಗೆ ಕರೆತಂದದ್ದೇ ತಪ್ಪೆಂದು ಅವಳ ಮೇಲೆ ಕೂಗಾಡಿದೆ, ಹೊರಗೆ ಹೋಗೆಂದೆ. ಅವಳು ಹೋಗಲಿಲ್ಲ. ನರ್ಸನ್ನು ಕರೆತಂದು ಇಂಜೆಕ್ಷನ್ ಕೊಡಿಸಿದಳು, ಮಂಜುಗಡ್ಡೆಯ ಚೀಲ ಬದಲಾಯಿಸಿದಳು. ರಕ್ತ ಹೆಪ್ಪುಗಟ್ಟದಂತೆ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕಿತ್ತು. ಆಗೆಲ್ಲ ನನ್ನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಕಣದಲ್ಲಿ ಭತ್ತ ಅಳೆಯುವವರಂತೆ “ಲಾಭ, ಎರಡು, ಮೂರು” ಎಂದು ಎಣಿಸುತ್ತಿದ್ದಳು.

ನಡುರಾತ್ರಿ ನಾನು ಅಮ್ಮನನ್ನು ಕರೆದು ಅತ್ತೆನಂತೆ. ಕೊನೆಯ ವರ್ಷಗಳಲ್ಲಿ ಅಮ್ಮ ಅಡುಗೆಮನೆಯಿಂದ ಬಚ್ಚಲಿಗೆ ತೆವಳಿಕೊಂಡೇ ಹೋಗುತ್ತಿದ್ದಳು. ಅವಳ ಮೊಣಕಾಲನ್ನು ಯಾರೂ ಅಳೆಯಲಿಲ್ಲ, ನಾವೂ ಎಲ್ಲಿಗೂ ಕರೆದೊಯ್ಯಲಿಲ್ಲ. ವಯಸ್ಸಾಯಿತು ಎಂದು ಸುಮ್ಮನಾದೆವು. ಇದನ್ನು ಬರೆಯುವಾಗಲೂ ಕೈ ತಡವರಿಸುತ್ತದೆ. ನನ್ನ ಅಳು ನಿಲ್ಲುವವರೆಗೂ ಓರಗಿತ್ತಿ ಒಂದು ಮಾತೂ ಆಡಲಿಲ್ಲ. ಆಮೇಲೆ, “ಅಕ್ಕಾ, ಗಂಟೆಯಾಯಿತು, ಪಾದ ಆಡಿಸು” ಎಂದಳು.

ಸ್ಕ್ಯಾನ್ ಕೋಣೆಯ ಸಿಬ್ಬಂದಿ, ದಿನವೂ ಬಂದು ಕಾಲು ಮಡಿಸಲು ಕಲಿಸಿದ ಫಿಸಿಯೋಥೆರಪಿಸ್ಟ್, ರಕ್ತ ಕೊಡಲು ಸಿದ್ಧರಾಗಿ ಬಂದಿದ್ದ ಹಳೆಯ ವಿದ್ಯಾರ್ಥಿಗಳು, ಊಟ ತಂದುಕೊಟ್ಟ ತಮ್ಮನ ಮನೆಯವರು, ಎಲ್ಲರಿಗೂ ನನ್ನ ನಮಸ್ಕಾರ.

ಬಲಗಾಲಿನ ಸ್ಕ್ಯಾನಿಗೆ ಯುಗಾದಿ ಕಳೆದ ಮೇಲೆ ಬರಹೇಳಿದ್ದಾರೆ. ಓರಗಿತ್ತಿಯೂ ಜೊತೆಗೆ ಬರುತ್ತಾಳೆ. ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾಳೆ.