ದೊಡ್ಮನೆ ಹೆಗಡೆಯವರು, ನಮ್ಮೂರ ಕಾಲುಸಂಕ

ಆತ್ಮೀಯರೇ,

2026ರ ಆಗಸ್ಟ್ 29ಕ್ಕೆ ರಾಮಕೃಷ್ಣ ಹೆಗಡೆಯವರು ಹುಟ್ಟಿ 100 ವರ್ಷ. ಸಿದ್ದಾಪುರ ತಾಲೂಕಿನ ದೊಡ್ಮನೆಯವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. 1957ರಲ್ಲಿ ಶಾಸಕರಾದರು, ಒಟ್ಟು 13 ಬಜೆಟ್ ಮಂಡಿಸಿದರು, 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಶಿರಸಿ ಕಡೆಯ ನಮಗೆ ಅವರು ಬರೀ ‘ಹೆಗಡೆಯವರು’. ಮನೆಗೊಬ್ಬ ಹೆಗಡೆ ಇರುವ ಊರಲ್ಲೂ ಯಾವ ಹೆಗಡೆ ಅಂತ ಯಾರೂ ಕೇಳುತ್ತಿರಲಿಲ್ಲ.

ಅವರ ಬಗ್ಗೆ ಬರೆಯಲು ಕೂತರೆ ನನಗೆ ನಮ್ಮೂರ ಹಳ್ಳದ ಸಂಕ ಕಣ್ಣಮುಂದೆ ಬರುತ್ತದೆ. ಎರಡು ಅಡಿಕೆ ಮರ ಹಾಸಿ, ಬಳ್ಳಿಯಲ್ಲಿ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರ ಗಳ ಕಟ್ಟಿದ್ದು. ಆಷಾಢದ ಮಳೆಗೆ ಪಾಚಿ ಕಟ್ಟಿ ಜಾರುತ್ತಿತ್ತು. ಆಯಿ ನನ್ನ ಪಾಟೀಚೀಲ ತನ್ನ ಹೆಗಲಿಗೆ ಹಾಕಿಕೊಂಡು, ನನ್ನ ಕೈ ಹಿಡಿದು, ಅಡ್ಡಡ್ಡ ಹೆಜ್ಜೆ ಇಡುತ್ತಾ ದಾಟಿಸುತ್ತಿದ್ದಳು. ಹಳ್ಳ ತುಂಬಿದ ದಿನ ಶಾಲೆ ಇಲ್ಲ. ಗಟ್ಟಿ ಸಂಕ ಮಾಡಿಕೊಡಿ ಅಂತ ಊರವರು ಕೊಟ್ಟ ಅರ್ಜಿ ಘಟ್ಟ ಇಳಿದು ಹೋಗಿದ್ದಷ್ಟೇ ಗೊತ್ತು.

ಆಮೇಲೆ ಮಂಡಲ ಪಂಚಾಯ್ತಿ ಬಂತು, ಈಗಿನ ಗ್ರಾಮ ಪಂಚಾಯ್ತಿಯ ಹಾಗೆ ಕೆಲವು ಊರುಗಳಿಗೆ ಸೇರಿ ಒಂದು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳನ್ನು ತಂದದ್ದು ಹೆಗಡೆಯವರ ಸರ್ಕಾರದ 1983ರ ಕಾಯ್ದೆ. ಜೊತೆಗೆ ನಿಂತು ದುಡಿದವರು ಅವರ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ನೂರಕ್ಕೆ 25 ಸೀಟು ಹೆಂಗಸರಿಗೆ.

ನಮ್ಮ ಕೆಳಗಿನ ಕೇರಿಯ ಅತ್ತೆಯೊಬ್ಬರು ಆರಿಸಿ ಬಂದರು. ಅಲ್ಲಿತನಕ ಮೀಟಿಂಗು ಅಂತ ಮನೆಯಿಂದ ಹೊರಟವರೇ ಅಲ್ಲ. ಮಗನ ಹಳೇ ಪಟ್ಟಿ ಪುಸ್ತಕ ಹಿಡಿದು ಮನೆ ಮನೆಗೆ ಬಂದರು. ‘ಮೊದ್ಲು ಎಂತ ಆಗವು?’ ಅಂತ ಕೇಳಿದರು. ಆಯಿ ಹಿಟ್ಟಿನ ಕೈಯಲ್ಲೇ ಜಗಲಿಗೆ ಬಂದು ‘ಸಂಕ’ ಅಂದಳು. ಅತ್ತೆ ಬರೆದುಕೊಂಡರು. ಮರುವರ್ಷ ಮಳೆ ಹಿಡಿಯುವ ಮೊದಲೇ ಸಿಮೆಂಟಿನ ಕಾಲುಸಂಕ ಆಯಿತು.

ಶಾಸಕರಾಗಿ 26 ವರ್ಷಕ್ಕೆ ಹೆಗಡೆಯವರಿಗೆ ಮುಖ್ಯಮಂತ್ರಿ ಕುರ್ಚಿ ಸಿಕ್ಕಿತು. ಸಿಕ್ಕ ವರ್ಷವೇ ಅದರ ಅಧಿಕಾರವನ್ನು ಊರಿಗೆ ಹಂಚುವ ಕಾನೂನಿಗೆ ಕೈ ಹಾಕಿದರು. ಸುಲಭದ ಮಾತಲ್ಲ, ಅಲ್ವಾ? ಪಂಚಾಯತ್ ರಾಜ್ ಸಂವಿಧಾನದ ಮಾತಾಗಿದ್ದು ಅದೆಷ್ಟೋ ಕಾಲದ ಮೇಲೆ, 1993ರಲ್ಲಿ.

ಲೋಕಾಯುಕ್ತ ಬಂದಿದ್ದೂ ಅವರ ಕಾಲದಲ್ಲೇ. ಕನ್ನಡ ಕಾವಲು ಸಮಿತಿಯೂ. 1984ರ ಲೋಕಸಭೆ ಚುನಾವಣೆಯಲ್ಲಿ ಪಕ್ಷ ಸೋತಾಗ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು, ಗೆದ್ದು ಬಂದರು. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದು ಕುರ್ಚಿ ಬಿಟ್ಟರು. ಆ ನೋವಿನ ಪುಟವೂ ಅವರ ಬದುಕಿನಲ್ಲಿದೆ. ಅದನ್ನು ಮುಚ್ಚಿಟ್ಟು ಗೌರವ ಸಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಹೋದ ಸಲ ಊರಿಗೆ ಹೋದಾಗ ಆ ಸಂಕದ ಮೇಲೆ ನನ್ನ ಮಗಳು ಓಡಿಕೊಂಡು ದಾಟಿದಳು. ಆಯಿ ಅಂಗಳದಿಂದ ನೋಡುತ್ತಾ ನಿಂತಿದ್ದಳು.

ನಿಮ್ಮೂರಿನ ಮಂಡಲ ಪಂಚಾಯ್ತಿಯ ನೆನಪು, ಒಂದು ಹಳೇ ಫೋಟೋ ಇದ್ದರೆ ಕಳಿಸಿ. ಮುಂದಿನ ಸಂಚಿಕೆಯ ಎರಡು ಪುಟ ಅದಕ್ಕೇ ತೆಗೆದಿಟ್ಟಿದ್ದೇವೆ.

— ಸಂಪಾದಕ