ತೋಟ ಮಾರಬೇಡಿ ಅಪ್ಪಾಜಿ

ಸನಿವೇಲ್, ಕ್ಯಾಲಿಫೋರ್ನಿಯಾ
ಜೂನ್ 28

ತೀರ್ಥರೂಪು ಅಪ್ಪಾಜಿ, ಅಮ್ಮ, ಅಜ್ಜಿ ಎಲ್ಲರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಕಾಗದವನ್ನು ಪುಟ್ಟ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಕೆರೆ ಹಿಂದಿನ ತೋಟಕ್ಕೆ ದೊಡ್ಡಪ್ಪ ಪಾರ್ಟಿ ನೋಡಿದ್ದಾರೆ, ಮುಂದಿನ ವಾರ ಮುಂಗಡ ಕೊಡುತ್ತಾರೆ ಅನ್ನೋದನ್ನು ಓದಿ ಕೈಕಾಲು ಆಡಲಿಲ್ಲ. ಫೋನಿನಲ್ಲಿ ಹೇಳಿದರೆ ತಲೆಗೆ ಹತ್ತಲ್ಲ, ಬರೆದು ಕಳಿಸು ಅಂದಿರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪುಟ್ಟನಿಗೆ ಮೇಲ್ ಮಾಡುತ್ತೇನೆ, ಪ್ರಿಂಟ್ ತೆಗೆಸಿ ಕೊಡುತ್ತಾನೆ. ದೊಡ್ಡಪ್ಪನಿಗೂ ಓದಿ ಹೇಳಿ.

ಮೊದಲು ಮುಖ್ಯವಾದ ಮಾತು. ಕಾಲೇಜು ಬದಲಾಗುತ್ತಿರುವುದರಿಂದ ನನ್ನ ಒಂದು ವರ್ಷ ಹಾಳಾಗಿಲ್ಲ. ಒಂದು ತಿಂಗಳೂ ಹಾಳಾಗಿಲ್ಲ. ಹೆಚ್ಚಿಗೆ ಒಂದು ವರ್ಷ ಓದಬೇಕಾಗಿಲ್ಲ, ಅದಕ್ಕೆ ದುಡ್ಡೂ ಬೇಕಾಗಿಲ್ಲ.

ಟೆಕ್ಸಾಸ್‌ನಲ್ಲಿರುವ ಅತ್ತೆ ಮನೆ ಕಡೆಯವರು ಹೇಳಿದ್ದು ಅರ್ಧ ಸತ್ಯ. ಹೊಸ ಕಾಲೇಜಿನವರು ಕೊಟ್ಟ ಹಾಳೆಯಲ್ಲಿ ನನ್ನ ಯೂನಿಟ್, ಅಂದರೆ ಓದಿ ಮುಗಿಸಿದ ಪಾಠದ ಅಳತೆ, 45 ಇದ್ದದ್ದು 30 ಆಗಿದೆ ಅನ್ನೋದು ನಿಜ. ಆ ಹಾಳೆಯನ್ನು ನಾನೇ ನಿಮಗೆ ಕಳಿಸಿದ್ದೆ. ಅದನ್ನು ನೋಡಿ ಮೂರರಲ್ಲಿ ಒಂದು ಪಾಲು ನುಂಗಿಬಿಟ್ಟರು ಅಂತ ನಿಮಗೆ ಅನ್ನಿಸಿದೆ. ಹಾಗೆ ಅನ್ನಿಸುವುದು ಸಹಜ ಅಪ್ಪಾಜಿ. ಆದರೆ ಲೆಕ್ಕ ಬೇರೆ.

ನಾನು ಇಲ್ಲಿ ಓದಿದ ಕಾಲೇಜಿನಲ್ಲಿ ವರ್ಷಕ್ಕೆ ಮೂರು ಕ್ವಾರ್ಟರ್. ಒಂದೊಂದು ಹನ್ನೆರಡು ವಾರ, ಪರೀಕ್ಷೆಯೂ ಅದರಲ್ಲೇ. ಹೊಸ ಕಾಲೇಜಿನಲ್ಲಿ ನಮ್ಮೂರ ಡಿಗ್ರಿ ಕಾಲೇಜಿನ ಹಾಗೆ ವರ್ಷಕ್ಕೆ ಎರಡು ಸೆಮಿಸ್ಟರ್. ಸೆಮಿಸ್ಟರ್ ಉದ್ದ, ಹಾಗಾಗಿ ಅದರ ಒಂದು ಯೂನಿಟ್ ಕೂಡ ದೊಡ್ಡದು. ಕ್ವಾರ್ಟರಿನ ಮೂರು ಯೂನಿಟ್ ಸೆಮಿಸ್ಟರಿನ ಎರಡಕ್ಕೆ ಸಮ. ಮಂಡಿಯಲ್ಲಿ ಕೊಬ್ಬರಿಯನ್ನು ಸಣ್ಣ ಚೀಲದಿಂದ ದೊಡ್ಡ ಚೀಲಕ್ಕೆ ತುಂಬಿದರೆ ಚೀಲದ ಲೆಕ್ಕ ಕಮ್ಮಿ ಆಗುತ್ತೆ, ತೂಕ ಅಷ್ಟೇ ಇರುತ್ತೆ ಅಲ್ವಾ? 45 ಮೂವತ್ತಾದದ್ದು ಹಾಗೆ. ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಸೇರಲು ಕ್ವಾರ್ಟರಿನವರಿಗೆ 90 ಬೇಕು, ಸೆಮಿಸ್ಟರಿನವರಿಗೆ 60 ಸಾಕು. ಅಲ್ಲೂ ನಾನು ಅರ್ಧ ದಾರಿ ಬಂದಿದ್ದೆ, ಇಲ್ಲೂ ಅರ್ಧ ದಾರಿಯಲ್ಲೇ ಇದ್ದೇನೆ.

ಇನ್ನೂ ನಂಬಿಕೆ ಬರದಿದ್ದರೆ ಇದನ್ನು ನೋಡಿ. ನಾನು ಓದುವಂಥ, ಮೊದಲೆರಡು ವರ್ಷ ಓದಿಸುವ ಇಲ್ಲಿನ ಸರ್ಕಾರಿ ಕಮ್ಯೂನಿಟಿ ಕಾಲೇಜುಗಳಲ್ಲಿ ಈ ರಾಜ್ಯದವರಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್ ಫೀಸು, ಕ್ವಾರ್ಟರ್ ಯೂನಿಟ್ ಒಂದಕ್ಕೆ 31 ಡಾಲರ್. ನನ್ನಂಥ ಹೊರದೇಶದವರಿಗೆ ಜಾಸ್ತಿ, ಅದು ನಿಮಗೆ ಗೊತ್ತೇ ಇದೆ. ನಾನು ಹೇಳುತ್ತಿರುವುದು ಸರ್ಕಾರವೇ ಇದೇ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತೆ ಅಂತ. ಪುಟ್ಟನಿಗೆ ಹೇಳಿ, 46ನ್ನು ಮೂರರಿಂದ ಭಾಗಿಸಿ ಎರಡರಿಂದ ಗುಣಿಸಲಿ.

ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ಇಟ್ಟುಕೊಳ್ಳೋದು ಬಿಟ್ಟು ಹೀಗ್ಯಾಕೆ ಅಂತ ನೀವು ಕೇಳಿದ್ದೀರಿ. ನಾನೂ ಇದನ್ನೇ ಕೇಳಿದೆ. ಇಲ್ಲಿನ ಕಮ್ಯೂನಿಟಿ ಕಾಲೇಜುಗಳಲ್ಲಿ ಹೆಚ್ಚಿನವು ಸೆಮಿಸ್ಟರ್, ಕ್ವಾರ್ಟರ್ ಇರುವುದು ಬೆರಳೆಣಿಕೆಯಷ್ಟು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಹೆಸರಿಗೆ ಒಂದೇ, ಆದರೆ ಅದರಲ್ಲಿ ಬರ್ಕ್ಲಿ, ಮರ್ಸೆಡ್ ಸೆಮಿಸ್ಟರ್, ಡೇವಿಸ್, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಎಲ್ಲ ಕ್ವಾರ್ಟರ್. ಬರ್ಕ್ಲಿಯವರು 1966ರಲ್ಲಿ ಕ್ವಾರ್ಟರಿಗೆ ಹೋಗಿ 1983ರಲ್ಲಿ ಮತ್ತೆ ಸೆಮಿಸ್ಟರಿಗೇ ಬಂದರಂತೆ. ಹೀಗಿರುವುದರಿಂದ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗುವ ಮಕ್ಕಳು ಇಲ್ಲಿ ವರ್ಷ ವರ್ಷವೂ ಇದ್ದೇ ಇರುತ್ತಾರೆ. ನಾನೊಬ್ಬಳೇ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಈಗ ನಿಜವಾದ ತೊಡಕು ಎಲ್ಲಿದೆ ಅಂತ ಹೇಳುತ್ತೇನೆ. ಮುಚ್ಚಿಟ್ಟರೆ ನಿಮಗೆ ಇನ್ನೂ ಗಾಬರಿಯಾಗುತ್ತೆ.

ಇಂಗ್ಲಿಷ್, ಹಿಸ್ಟರಿ ತರದ ವಿಷಯದಲ್ಲಿ ತೊಂದರೆ ಇಲ್ಲ. ಒಂದು ಕ್ಲಾಸು ಮುಗಿಸಿದರೆ ಒಂದು ಕ್ಲಾಸು ಅಂತ ಸುಮ್ನೆ ಬರೆದುಕೊಳ್ಳುತ್ತಾರೆ. ಸೈನ್ಸ್ ಹಾಗಲ್ಲ. ಜನರಲ್ ಕೆಮಿಸ್ಟ್ರಿಯನ್ನು ಕ್ವಾರ್ಟರ್ ಕಾಲೇಜಿನವರು ಮೂರು ಭಾಗ ಮಾಡಿದ್ದಾರೆ, 1ಎ, 1ಬಿ, 1ಸಿ. ಅದೇ ಪಾಠವನ್ನು ಸೆಮಿಸ್ಟರಿನವರು ಎರಡು ಭಾಗ ಮಾಡಿದ್ದಾರೆ. ಮೂರು ಭಾಗ ಸೇರಿ 15 ಕ್ವಾರ್ಟರ್ ಯೂನಿಟ್. ಎರಡು ಭಾಗ ಸೇರಿ 10 ಸೆಮಿಸ್ಟರ್ ಯೂನಿಟ್. ಪೂರ್ತಿ ಓದಿದವರಿಗೆ ಎರಡೂ ಒಂದೇ. ನಡುವೆ ಬಿಟ್ಟವರಿಗೆ ಕಷ್ಟ. ನನಗೆ ಮೊದಲ ಕ್ವಾರ್ಟರಿನಲ್ಲಿ ಕೆಮಿಸ್ಟ್ರಿ ಸೀಟು ಸಿಗದೆ ಜನವರಿಯಲ್ಲಿ ಶುರು ಮಾಡಿದ್ದೆ ಅಲ್ವಾ, ಹಾಗಾಗಿ 1ಎ, 1ಬಿ ಮುಗಿದು 1ಸಿ ಉಳಿದಿದೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಕೆಲಸ ಸ್ಯಾಕ್ರಮೆಂಟೊಗೆ ಬದಲಾಯಿತು, ಅವರ ಜೊತೆ ಇರುವ ನಾನೂ ಕಾಲೇಜು ಬದಲಾಯಿಸಬೇಕಾಯಿತು.

ನಾನು ಓದಿದ 1ಬಿ ಯಾವ ಸೆಮಿಸ್ಟರಿಗೂ ಸರಿಯಾಗಿ ಕೂರುವುದಿಲ್ಲ. ಅದರಲ್ಲಿ ಗ್ಯಾಸುಗಳ ಪಾಠ, ಶಾಖದ ಪಾಠ ಅವರ ಮೊದಲ ಸೆಮಿಸ್ಟರಿನಲ್ಲಿದೆ. ರಿಯಾಕ್ಷನ್ ಎಷ್ಟು ಬೇಗ ನಡೆಯುತ್ತೆ ಅನ್ನುವ ಪಾಠ, ಈಕ್ವಿಲಿಬ್ರಿಯಂ ಪಾಠ ಎರಡನೆಯದರಲ್ಲಿದೆ. ಹೊಸ ಕಾಲೇಜಿನ ಕೌಂಟರಿನಲ್ಲಿದ್ದವರು ನಿನ್ನ ಎರಡನ್ನೂ ಸೇರಿಸಿ ಒಂದು ಸೆಮಿಸ್ಟರ್ ಅಂತ ಹಾಕುತ್ತೇವೆ, ಉಳಿದದ್ದು ಸುಮ್ನೆ ಯೂನಿಟ್ ಆಗಿ ಇರುತ್ತೆ ಅಂದರು. ಅವತ್ತು ನಾನು ಫೋನಿನಲ್ಲಿ ಅತ್ತದ್ದು ಇದಕ್ಕೇ. ಆ ಲ್ಯಾಬಿನಲ್ಲಿ ನಾನು ಎಷ್ಟು ಕಷ್ಟಪಟ್ಟಿದ್ದೇನೆ ಅಂತ ನನಗೆ ಗೊತ್ತು. ಕಾಫಿ ಕುಡಿಯುವ ಥರ್ಮೋಕೋಲ್ ಲೋಟವನ್ನು ಒಂದರೊಳಗೆ ಒಂದು ಇಟ್ಟು, ಮುಚ್ಚಳದ ತೂತಿನಲ್ಲಿ ಥರ್ಮಾಮೀಟರ್ ಇಳಿಸಿ, ಆಸಿಡ್ಡಿಗೆ ಬೇಸ್ ಸುರಿದಾಗ ಎಷ್ಟು ಶಾಖ ಹುಟ್ಟಿತು ಅಂತ ಅಳೆಯಬೇಕು. ಇಷ್ಟು ದೊಡ್ಡ ದೇಶದ ಲ್ಯಾಬಿನಲ್ಲೂ ಅದಕ್ಕೆ ಕಾಫಿ ಲೋಟವೇ ಸಾಕು. ಅರ್ಧ ಡಿಗ್ರಿ ತಪ್ಪಿ ಓದಿದರೂ ಲೆಕ್ಕವೆಲ್ಲ ಕೆಡುತ್ತೆ. ಅಂಥ ಕ್ಲಾಸನ್ನು ಯಾರೋ ಅರ್ಧಕ್ಕೆ ಇಳಿಸಿದರೆ ಹೊಟ್ಟೆ ಉರಿಯುತ್ತೆ.

ಆಮೇಲೆ ಹಳೇ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆ. ಅಮ್ಮ, ಇಲ್ಲಿ ಕೌನ್ಸೆಲರ್ ಅಂದರೆ ಯಾವ ಕ್ಲಾಸು ತಗೋಬೇಕು, ಯಾವುದು ಬೇಡ ಅಂತ ಕೂರಿಸಿಕೊಂಡು ಹೇಳುವುದೇ ಅವರ ಕೆಲಸ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಅವರು ಅಸಿಸ್ಟ್ ಅನ್ನುವ ಸರ್ಕಾರಿ ಪಟ್ಟಿ ತೆರೆದು ತೋರಿಸಿದರು. ಯಾವ ಕಾಲೇಜಿನ ಯಾವ ಕ್ಲಾಸು ಯಾವ ಯೂನಿವರ್ಸಿಟಿಯ ಯಾವ ಕ್ಲಾಸಿಗೆ ಸಮ ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿದೆ. ನಾನು ಮುಂದೆ ಸೇರಬೇಕು ಅಂದುಕೊಂಡಿರುವ ಡೇವಿಸ್‌ನಲ್ಲಿ ಕೆಮಿಸ್ಟ್ರಿ 2ಎ, 2ಬಿ, 2ಸಿ ಇದೆ. ಅದೂ ಕ್ವಾರ್ಟರ್. ನಮ್ಮ ಕಾಲೇಜಿನ ಮೂರೂ ಮುಗಿಸಿದರೆ ಅಲ್ಲಿನ ಮೂರೂ ಮುಗಿದ ಹಾಗೆ. ಸೆಮಿಸ್ಟರ್ ಕಾಲೇಜಿನ ಎರಡು ಮುಗಿಸಿದರೂ ಅಷ್ಟೇ. ಎರಡನ್ನೂ ಬೆರೆಸಬಾರದು. ಅಲ್ಲೊಂದು ಇಲ್ಲೊಂದು ಮಾಡಿದರೆ ನಡುವೆ ತೂತು ಬೀಳುತ್ತೆ, ಶುರು ಮಾಡಿದ ಕಡೆಯೇ ಮುಗಿಸು ಅಂದರು. ಇದೊಂದು ಮಾತು ಸಾಕಾಯಿತು.

ಅದಕ್ಕೇ ನಾನು ಚಿಕ್ಕಪ್ಪನವರ ಜೊತೆ ಈಗಲೇ ಹೋಗಲಿಲ್ಲ. ಬೇಸಿಗೆಯಲ್ಲಿ ಹಳೇ ಕಾಲೇಜಿನಲ್ಲೇ 1ಸಿ ಇದೆ, ಸೀಟು ಸಿಕ್ಕಿದೆ, ಫೀಸು ಕಟ್ಟಿದ್ದೇನೆ. ಟ್ಯೂಟರಿಂಗ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಟ್ಟು ಕೂಡಿಟ್ಟ ದುಡ್ಡಿನಲ್ಲೇ ಕಟ್ಟಿದೆ. ಕ್ಯಾಂಪಸ್ಸಿನೊಳಗಿನ ಕೆಲಸ ನಮ್ಮ ವೀಸಾದಲ್ಲಿ ಮಾಡಬಹುದು, ಹೆದರಬೇಡಿ. ಚಿಕ್ಕಮ್ಮನ ಗೆಳತಿ ಮನೆಯಲ್ಲಿ ಒಂದು ರೂಮು ಕೊಟ್ಟಿದ್ದಾರೆ. ಮೈಸೂರು ಕಡೆಯವರು, ಬೆಳಗ್ಗೆ ಉಪ್ಪಿಟ್ಟು ತಿನ್ನದೆ ಹೊರಗೆ ಬಿಡುವುದಿಲ್ಲ. ಹನ್ನೆರಡು ವಾರದ ಪಾಠವನ್ನು ಆರು ವಾರದಲ್ಲಿ ಮುಗಿಸುತ್ತಾರೆ, ಹಾಗಾಗಿ ವಾರದಲ್ಲಿ ನಾಲ್ಕು ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಪಾಠ, ಲ್ಯಾಬ್. ಹೊಸ ಕಾಲೇಜು ಶುರುವಾಗುವುದು ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ಇದು ಮುಗಿದಿರುತ್ತೆ. ವೀಸಾಗೆ ಕಾಲೇಜು ಕೊಡುವ ಐ-20 ಕಾಗದ ಕೂಡ ಬೇಸಿಗೆ ಮುಗಿಯುವವರೆಗೆ ಹಳೇ ಕಾಲೇಜಿನಲ್ಲೇ ಇರುತ್ತೆ, ಆಮೇಲೆ ಹೊಸ ಕಾಲೇಜಿಗೆ ಕಳಿಸುತ್ತಾರೆ. ವೀಸಾಗೆ ಏನೂ ಆಗುವುದಿಲ್ಲ.

ಮುಂದಿನ ಲೆಕ್ಕ ಹೀಗೆ. ಈಗಿನ 45ಕ್ಕೆ 1ಸಿಯ ಐದು ಯೂನಿಟ್ ಸೇರಿ 50 ಆಗುತ್ತೆ. ಸೆಮಿಸ್ಟರ್ ಲೆಕ್ಕದಲ್ಲಿ 33 ಚಿಲ್ಲರೆ. ಅರವತ್ತಕ್ಕೆ ಇನ್ನು 27. ಎರಡು ಸೆಮಿಸ್ಟರಿಗೆ ಹಂಚಿದರೆ ಒಂದಕ್ಕೆ ಹದಿಮೂರು ಹದಿನಾಲ್ಕು. ವೀಸಾಗೆ ಕಮ್ಮಿ ಅಂದರೂ 12 ಓದಲೇಬೇಕು, ಹಾಗಾಗಿ ಇದೇನೂ ಹೆಚ್ಚಿನ ಭಾರ ಅಲ್ಲ. ಫಿಸಿಕ್ಸ್, ಬಯಾಲಜಿ ಎರಡನ್ನೂ ನಾನಿನ್ನೂ ಮುಟ್ಟಿಲ್ಲ. ಎರಡನ್ನೂ ಆಗಸ್ಟಿನಲ್ಲಿ ಹೊಸ ಕಾಲೇಜಿನಲ್ಲೇ ಶುರು ಮಾಡಿ ಅಲ್ಲೇ ಮುಗಿಸುತ್ತೇನೆ. ಅವು ಒಡೆಯುವ ಪ್ರಶ್ನೆಯೇ ಇಲ್ಲ. ಯೂನಿವರ್ಸಿಟಿಗೆ ನವೆಂಬರಿನಲ್ಲಿ ಅರ್ಜಿ ಹಾಕುತ್ತೇನೆ. ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಡೇವಿಸ್‌ನಲ್ಲಿ ಮೂರನೇ ವರ್ಷ. ಮೊದಲು ನಿಮಗೆ ಹೇಳಿದ್ದೂ ಅದೇ ತಿಂಗಳು ಅಲ್ವಾ ಅಪ್ಪಾಜಿ?

ಡೇವಿಸ್ ಅಂದರೆ ಯಾವುದೋ ಹಳ್ಳಿಯಂತೆ ಅಂತ ಅತ್ತೆ ಕಡೆಯವರು ಅಂದರಂತೆ. ಹಳ್ಳಿಯೇ ಇರಬಹುದು, ಅದಕ್ಕೇ ನನಗೆ ಇಷ್ಟ. ಮೊದಲು ಅದು ಬರ್ಕ್ಲಿಯವರ ಕೃಷಿ ಫಾರ್ಮ್ ಆಗಿತ್ತು. ಈಗಲೂ ಕ್ಯಾಂಪಸ್ಸಿನಲ್ಲಿ ಹಸುಗಳನ್ನು ಸಾಕುತ್ತಾರೆ, ಹಾಸ್ಟೆಲ್ ಪಕ್ಕದಲ್ಲೇ ಡೈರಿ ಇದೆ. ಮೇಷ್ಟ್ರು, ಮಕ್ಕಳು ಎಲ್ಲರೂ ಸೈಕಲ್ಲಿನಲ್ಲಿ ಓಡಾಡುತ್ತಾರೆ. ಗಿಡಮರದ ರೋಗದ ಬಗ್ಗೆ ಓದಲು ದೇಶದಲ್ಲೇ ಹೆಸರಾದ ಜಾಗ. ನಮ್ಮ ಮರಗಳ ರಸ ಸೋರುವ ರೋಗವನ್ನು ನೋಡಿಕೊಂಡು ಬೆಳೆದವಳು ನಾನು. ನನಗೆ ಬೇಕಾದ ಓದು ಅಲ್ಲಿದೆ. ಆ ಓದಿಗೋಸ್ಕರ ನೀವು ತೋಟವನ್ನೇ ಮಾರಿದರೆ ನಾನು ಏನು ಕಲಿತು ಏನು ಬಂತು ಹೇಳಿ.

ಇನ್ನೊಂದು ವಿಷಯ, ಅಜ್ಜಿಗೆ ಹೇಳಿ. ಇಲ್ಲಿನ ಅಂಗಡಿಯಲ್ಲಿ ಎಳನೀರು ಸಿಗುತ್ತೆ. ಹಸಿರು ಸಿಪ್ಪೆಯನ್ನೆಲ್ಲ ಹೆರೆದು, ಬೆಳ್ಳಗೆ ಮಾಡಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಥಾಯ್ಲೆಂಡಿನಿಂದ ತರಿಸುತ್ತಾರೆ. ಒಂದಕ್ಕೆ ಕೊಡುವ ದುಡ್ಡಿನಲ್ಲಿ ತಿಪಟೂರಿನಲ್ಲಿ ಮನೆಮಂದಿಯೆಲ್ಲ ಕುಡಿಯಬಹುದು. ಸಿಹಿ ಇರುತ್ತೆ, ಆದರೆ ನಮ್ಮ ಕೆರೆ ಹಿಂದಿನ ತೋಟದ ನೀರಿನ ರುಚಿ ಇಲ್ಲ. ಇದನ್ನು ಅಜ್ಜಿಯ ಸಮಾಧಾನಕ್ಕೆ ಬರೆದದ್ದಲ್ಲ, ನಿಜವಾಗಿ ಇಲ್ಲ.

ಯೂನಿವರ್ಸಿಟಿಯ ಎರಡು ವರ್ಷಕ್ಕೆ ಖರ್ಚು ಜಾಸ್ತಿ ಅನ್ನೋದು ನನಗೂ ಗೊತ್ತು. ಅದಕ್ಕೆ ಬ್ಯಾಂಕ್ ಸಾಲದ ಮಾತು ಆಗಲೇ ಆಗಿದೆ. ಹೊಸದಾಗಿ ಸೇರಿದ್ದು ಒಂದು ರೂಪಾಯಿಯೂ ಇಲ್ಲ. ನಿಮಗೆ ಹೆದರಿಕೆ ಹುಟ್ಟಿಸಿದ್ದು ಆ ಹೆಚ್ಚಿನ ವರ್ಷ, ಆ ವರ್ಷವೇ ಇಲ್ಲ. ದೊಡ್ಡಪ್ಪನಿಗೆ ಇವತ್ತೇ ಹೇಳಿ, ಪಾರ್ಟಿಯವರಿಗೆ ಬೇಡ ಅಂದುಬಿಡಲಿ. ಮುಂಗಡ ಕೈಗೆ ತಗೊಂಡರೆ ಆಮೇಲೆ ಮಾತು ವಾಪಸ್ ತಗೊಳ್ಳೋದು ಕಷ್ಟ. ಅವರು ಬೇಜಾರು ಮಾಡಿಕೊಂಡರೆ ನನಗೆ ಫೋನ್ ಕೊಡಿ, ನಾನೇ ಮಾತಾಡುತ್ತೇನೆ.

ನನ್ನ ಊಟ ನಿದ್ದೆ ಎಲ್ಲ ಸರಿಯಾಗಿದೆ. ತೂಕ ಇಳಿದಿಲ್ಲ. ವಿಡಿಯೋದಲ್ಲಿ ಸೊರಗಿದ ಹಾಗೆ ಕಾಣುವುದು ಇಲ್ಲಿನ ಲೈಟಿಗೆ ಅಮ್ಮ, ಬೇರೇನೂ ಅಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ರಾತ್ರಿ ಹೊತ್ತು ಒಬ್ಬಳೇ ಎಲ್ಲೂ ಓಡಾಡುವುದಿಲ್ಲ. ಎಲ್ಲ ಚೆನ್ನಾಗಿದೆ.

ನಾಳೆಯಿಂದ ಕ್ಲಾಸು. ಲ್ಯಾಬಿನ ಕನ್ನಡಕ, ಕೋಟು ಇನ್ನೂ ತೆಗೆದಿಟ್ಟಿಲ್ಲ, ಕೆಳಗಿನಿಂದ ಊಟಕ್ಕೆ ಕರೆಯುತ್ತಿದ್ದಾರೆ. ಅಪ್ಪಾಜಿ, ಬಿಪಿ ಮಾತ್ರೆ ತಪ್ಪಿಸಬೇಡಿ. ಪುಟ್ಟ ಸರಿಯಾಗಿ ಓದಲಿ. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗಳು,
ಪುಟ್ಟಿ